ಕಾಕೂನ ಬಾಯಲ್ಲಿ ಇಟ್ಟ ಕಮಲ

ನನ್ನ ಮೇಜಿನ ಮೇಲೆ ಹೊಟ್ಟೆಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡ ಒಂದು ಕ್ಯಾಲ್ಕುಲೇಟರ್ ಇದೆ. ಮನೆಗೆ ಬಂದವರು ಅದನ್ನು ಮೊದಲು ಟಿವಿಯ ರಿಮೋಟ್ ಅಂದುಕೊಳ್ಳುತ್ತಾರೆ. ಆಮೇಲೆ ಕೈಗೆತ್ತಿಕೊಂಡು, ಇಷ್ಟು ದಪ್ಪ ಯಾಕೆ, ಇಷ್ಟೊಂದು ಗುಂಡಿ ಯಾಕೆ ಅಂತ ಕೇಳುತ್ತಾರೆ. ನಾನು ಈ ಪ್ರಶ್ನೆಗೇ ಕಾದಿರುತ್ತೇನೆ. ಇದು ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್, ಇದಕ್ಕೆ ನಾವೇ ಪ್ರೋಗ್ರಾಂ ಬರೆದು ಕೊಡಬಹುದು, ಕೊಟ್ಟರೆ ಹೇಳಿದ ಚಿತ್ರ ಬಿಡಿಸುತ್ತದೆ ಎಂದು ಶುರುಮಾಡುತ್ತೇನೆ. ಬಂದವರು ಎರಡು ನಿಮಿಷ ತಲೆಯಾಡಿಸಿ, "ಈಗ ಇದೆಲ್ಲಾ ಮೊಬೈಲಿನಾಗ ಬರ್ತದಲ್ರಿ?" ಅನ್ನುತ್ತಾರೆ. ಬರುತ್ತದೆ. ಬರುವುದಿಲ್ಲ ಅಂತ ನಾನೆಲ್ಲಿ ಹೇಳಿದೆ? ಆದರೆ ಮೊಬೈಲಿನಿಂದ ನಮ್ಮ ಕಾಕು ಗೆದ್ದಳೇ? ಗೆದ್ದದ್ದು ಇದರಿಂದ. ನೀವು ಅವಸರದಲ್ಲಿಲ್ಲ ಅಂತಾದರೆ ಹೇಳುತ್ತೇನೆ, ಕೂತುಕೊಳ್ಳಿ.

ಕಾಕು ಅಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಸವಣೂರಿನ ನಮ್ಮ ಮನೆಯಲ್ಲಿ ಕಾಕಾ, ಕಾಕು, ನನ್ನ ಹೆಂಡತಿ ಮತ್ತು ನಾನು ಇರುತ್ತೇವೆ. ಕಾಕಾ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಕಲಿಸುವುದನ್ನು ಬಿಟ್ಟರೂ ತಿದ್ದುವುದನ್ನು ಬಿಟ್ಟಿಲ್ಲ. ಪೇಪರ್ ಓದುವಾಗಲೂ ಕೈಯಲ್ಲಿ ಕೆಂಪು ಪೆನ್ನು ಇರುತ್ತದೆ. ನಾನು ಶಿಗ್ಗಾವಿಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕಾಕೂನ ತವರು ಹಿರೇಕೆರೂರು ತಾಲೂಕಿನ ಹಂಸಭಾವಿ. ಅಲ್ಲಿ ಅವಳ ಅಣ್ಣನ ಮನೆಯಲ್ಲಿ ಕಪಾಟು ಖಾಲಿ ಮಾಡುವಾಗ ಈ ಯಂತ್ರ ಸಿಕ್ಕಿತಂತೆ. ಆ ಮನೆಯ ಯಾರೋ ಇಂಜಿನಿಯರಿಂಗ್ ಓದುವಾಗ ಕೊಂಡು ಆಮೇಲೆ ಮರೆತದ್ದು. ಕಾಕು ಅದನ್ನು ಹುಣಸೆಹಣ್ಣಿನ ಚೀಲದೊಳಗಿಟ್ಟುಕೊಂಡು ಬಸ್ಸಿನಲ್ಲಿ ತಂದಳು.

"ಗಣಿತದ ಮಾಸ್ತರ ಇದ್ದೀ, ತಗೋ. ನಡದ್ರ ನಡಸು, ಇಲ್ಲಾಂದ್ರ ಕಾಗದ ಹಾರಬಾರ್ದಂತ ಮ್ಯಾಲ ಇಡಲಿಕ್ಕೆ ಬರ್ತದ" ಅಂದಳು.

ನಡೆಯಿತು. ಗುಂಡಿಗಳ ಸಂದಿನ ಹುಣಸೆಹಣ್ಣು ತೆಗೆಯಲು ಒಂದು ಭಾನುವಾರ ಹೋಯಿತು, ಅಷ್ಟೇ. ಆದರೆ ಅದಕ್ಕೊಂದು ದೊಡ್ಡ ರೋಗವಿತ್ತು. ಸೆಲ್ ಬದಲಿಸುವಾಗ ನೆನಪು ಹಿಡಿದಿಡಲು ಒಳಗೆ ಒಂದು ಪುಟ್ಟ ಬಿಲ್ಲೆ ಸೆಲ್ ಇರಬೇಕು. ಅದು ಕೂರುವ ಜಾಗ ತುಕ್ಕು ಹಿಡಿದು ಹೋಗಿತ್ತು. ಹೀಗಾಗಿ ದೊಡ್ಡ ಸೆಲ್ ಮುಗಿದವೋ, ಬರೆದ ಪ್ರೋಗ್ರಾಂ, ತುಂಬಿದ ಅಂಕಿ ಎಲ್ಲವೂ ಮಾಯ. ಕಂಪ್ಯೂಟರಿಗೆ ಜೋಡಿಸಿ ಕಾಪಾಡೋಣವೆಂದರೆ ಅದರ ವೈರ್ ಇಲ್ಲ. ಹುಬ್ಬಳ್ಳಿಯ ಅಂಗಡಿಗಳನ್ನೆಲ್ಲ ಸುತ್ತಿದೆ. ಒಬ್ಬ ಅಂಗಡಿಯವ ಅದರ ತೂತನ್ನು ಟಾರ್ಚ್ ಬಿಟ್ಟು ನೋಡಿ, ಇಂಥಾದ್ದು ಈಗ ಯಾರೂ ಇಡೂದಿಲ್ರಿ ಎಂದು ಪಕ್ಕದ ಅಂಗಡಿಯವನನ್ನೂ ನೋಡಲು ಕರೆದ.

ಪ್ರೋಗ್ರಾಂ ಹೋದರೆ ಹೋಗಲಿ, ಅದು ಹತ್ತು ಸಾಲು, ನನಗೆ ಬಾಯಿಗೆ ಬರುತ್ತಿತ್ತು. ನೋವು ಆಗುತ್ತಿದ್ದದ್ದು ಅಂಕಿಗಳು ಹೋದದ್ದಕ್ಕೆ. ಆ ಅಂಕಿಗಳು ಹಾನಗಲ್ಲಿನವು. ತಾರಕೇಶ್ವರ ಗುಡಿಯ ಮಂಟಪದ ಮಾಳಿಗೆಯ ಒಳಮೈಯಲ್ಲಿ ಒಂದು ಕಲ್ಲಿನ ಕಮಲ ಇದೆಯಲ್ಲ, ನೋಡಿದ್ದೀರಿ ತಾನೇ? ನೋಡಿದ್ದರೆ ನಿಮ್ಮ ಕುತ್ತಿಗೆಯೂ ಒಮ್ಮೆ ನೊಂದಿರುತ್ತದೆ. ಚಿಕ್ಕವನಿದ್ದಾಗ ನಾನು ಅದರ ಕೆಳಗೆ ಅಂಗಾತ ಮಲಗಿಬಿಟ್ಟಿದ್ದೆ. ಗುಡಿಯಲ್ಲಿ ಮಲಗುತ್ತಾರೇನು ಎಂದು ಕಾಕಾ ಬೈದಿದ್ದರು, ಬೈಯುತ್ತಲೇ ತಾವೂ ಮೇಲೆ ನೋಡುತ್ತ ನಿಂತುಬಿಟ್ಟಿದ್ದರು. ಆ ಕಮಲವನ್ನು ಈ ಯಂತ್ರದ ಪುಟ್ಟ ಪರದೆಯ ಮೇಲೆ ಅರಳಿಸಬೇಕು ಅಂತ ನನಗೆ ಹುಚ್ಚು ಹಿಡಿಯಿತು. ಫೋಟೋ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನಡುವಿನಿಂದ ಒಂದೊಂದು ಎಸಳಿನ ತುದಿ ಎಷ್ಟು ದೂರ, ಎರಡು ಎಸಳಿನ ನಡುವಿನ ತಗ್ಗು ಎಷ್ಟು ದೂರ ಅಂತ ಅಡಿಪಟ್ಟಿ ಹಿಡಿದು ಅಳೆದೆ. ತುದಿಗಳೆಲ್ಲ ಮೂರು ಪಾಯಿಂಟ್ ಚಿಲ್ಲರೆ, ತಗ್ಗುಗಳು ಒಂದು ಪಾಯಿಂಟ್ ಚಿಲ್ಲರೆ. ಅವನ್ನು ತುಂಬಿ ಗುಂಡಿ ಒತ್ತಿದರೆ ಒಂದೊಂದೇ ಎಸಳು ಮೂಡುತ್ತ ಕಮಲ ಬಿರಿಯಿತು. ನಾನು ಕೂಗಿದ ಕೂಗಿಗೆ ನನ್ನ ಹೆಂಡತಿ ಅಡುಗೆಮನೆಯಿಂದ ಸವಟು ಹಿಡಿದು ಓಡಿಬಂದಳು.

ವಾರ ಕಳೆಯುವುದರಲ್ಲಿ ಸೆಲ್ ಮುಗಿದು ಕಮಲ ಹೋಯಿತು. ಬರೆದಿಟ್ಟುಕೊಳ್ಳಬಾರದಿತ್ತೇ ಅನ್ನುತ್ತೀರಿ. ಬರೆದಿದ್ದೆ ಮಹರಾಯರೆ. ಬರೆದ ಚೀಟಿ ಅಂಗಿಯ ಜೇಬಿನಲ್ಲಿತ್ತು, ಅಂಗಿ ವಾಷಿಂಗ್ ಮಷಿನ್ನಿಗೆ ಹೋಯಿತು. ಮೊಬೈಲಿನಲ್ಲಿ ಫೋಟೋ? ಅದನ್ನೂ ತೆಗೆದಿದ್ದೆ. ಬಂಧುಬಳಗದವರು ಕಳಿಸಿದ ಶುಭೋದಯದ ಗುಲಾಬಿಗಳ ರಾಶಿಯಲ್ಲಿ ಅದೆಲ್ಲಿದೆಯೋ, ಇವತ್ತಿಗೂ ಹುಡುಕುತ್ತಿದ್ದೇನೆ. ಮತ್ತೆ ಫೋಟೋ ಹರಡಿಕೊಂಡು ಅಡಿಪಟ್ಟಿ ಹಿಡಿದು ಕೂತೆ.

ನನ್ನ ಸಹೋದ್ಯೋಗಿ ಬಸವರಾಜ ಹಾನಗಲ್ ತಾಲೂಕಿನ ಆಡೂರಿನವನು, ಭೌತಶಾಸ್ತ್ರ ಹೇಳುತ್ತಾನೆ. ಸ್ಟಾಫ್ ರೂಮಿನಲ್ಲಿ ನನ್ನ ಒದ್ದಾಟ ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಸರ್, ಯಾಕ ಇಷ್ಟ ತ್ರಾಸ ಮಾಡ್ಕೊಳ್ಳಾಕತ್ತೀರಿ? ನಮ್ಮೂರಿಗೆ ಬರ್ರಿ. ಚಾಲುಕ್ಯರ ಕಾಲದಾಗ ಕಲ್ಲಿನ ಮ್ಯಾಲ ಬರದಿಟ್ಟಾರ, ಇನ್ನೂ ಅಳಿಸಿಲ್ಲ. ನಿಮ್ಮವೂ ಒಂದು ಕಲ್ಲು ಹಾಕ್ಸೂಣು" ಅಂದ.

ಆಡೂರಿನ ಶಾಸನದ ಪಕ್ಕದಲ್ಲಿ ನನ್ನ ಅಂಕಿಗಳ ಕಲ್ಲು ನಿಂತದ್ದನ್ನು ಕಲ್ಪಿಸಿಕೊಂಡು ನನಗೆ ಒಂದು ಗಳಿಗೆ ಸುಖವೇ ಆಯಿತು.

ಎರಡನೆಯ ಸಲವೂ ಸೆಲ್ ಮುಗಿದ ದಿನ ನಾನು ಪಡಸಾಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಕಾಕು ಎದುರಿಗೆ ಮೆಂತ್ಯಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದಳು.

"ಏನೋ ಶೀನ್ಯಾ, ಮತ್ತ ಹೋತೇನು?"

"ಹೋತು ಕಾಕೂ. ಮೊದಲಿಂದ ಅಳೀಬೇಕು."

"ಅಳೀಲಿಕ್ಕೆ ಯಾಕ? ಮೂರು ಮೂರು ಸೊನ್ನಿ, ಒಂದು ಐದು ಮೂರು, ಮೂರು ಒಂದು ಸೊನ್ನಿ, ಒಂದು ನಾಕು ಸೊನ್ನಿ... ಹಿಂಗ ಅಲ್ಲೇನು ನೀ ಮೊನ್ನೆ ಒದರ್ಕೋತ ಒತ್ತಿದ್ದು?"

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಗುಂಡಿ ಒತ್ತುವಾಗ ಅಂಕಿಗಳನ್ನು ಜೋರಾಗಿ ಹೇಳಿಕೊಳ್ಳುವುದು ನನ್ನ ಚಾಳಿ. ಅವಳು ಪಲ್ಯ ಸೋಸುತ್ತಲೇ ಅರ್ಧ ಕಮಲವನ್ನು ಕಿವಿಯಲ್ಲಿ ತುಂಬಿಕೊಂಡುಬಿಟ್ಟಿದ್ದಳು. ಕೇಳಿದರೆ, "ನೀ ಒದರಿದ್ದು ಕಿವ್ಯಾಗ ಬಿತ್ತು, ಎಲ್ಲಿ ಒಗೀಲಿ ಅದನ್ನ?" ಅಂದಳು.

ನನಗೆ ಆಶ್ಚರ್ಯವಾಗಬಾರದಿತ್ತು. ನನಗೆ ಮಗ್ಗಿ ಕಲಿಸಿದವಳೇ ಕಾಕು. ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ನಡುವೆ ಸವಣೂರು ಖಾರ ಎಂಬ ಕುರುಕಲು ತಿಂಡಿಯ ಡಬ್ಬಿ ಇಟ್ಟುಕೊಳ್ಳುತ್ತಿದ್ದಳು. ಒಂದು ಮಗ್ಗಿ ಒಪ್ಪಿಸಿದರೆ ಒಂದು ಮುಷ್ಟಿ ಖಾರ. ಪೂರ್ಣಸಂಖ್ಯೆಯ ಮಗ್ಗಿ ಮುಗಿದವೆಂದು ನಾವು ಹಿಗ್ಗಿದರೆ ಕಾಲು, ಅರ್ಧ, ಮುಕ್ಕಾಲರ ಮಗ್ಗಿ ತೆಗೆಯುತ್ತಿದ್ದಳು. ಮುಕ್ಕಾಲರ ಮಗ್ಗಿಯಲ್ಲಿ ನಾನು ಎಷ್ಟು ಅತ್ತಿದ್ದೇನೋ ಅಷ್ಟೇ ಖಾರವನ್ನೂ ತಿಂದಿದ್ದೇನೆ. ನಾನು ಗಣಿತದ ಮಾಸ್ತರನಾದದ್ದು ಗಣಿತದ ಪ್ರೀತಿಯಿಂದಲೋ ಖಾರದ ಪ್ರೀತಿಯಿಂದಲೋ ಎಂದು ನನ್ನ ಹೆಂಡತಿ ಇನ್ನೂ ಅನುಮಾನಪಡುತ್ತಾಳೆ.

ಅವತ್ತೇ ನಿಶ್ಚಯವಾಯಿತು. ಕ್ಯಾಲ್ಕುಲೇಟರಿಗೆ ಹೊರಗಿನ ನೆನಪು ಕಾಕು. ಸೆಲ್ ಹೋದರೆ ಹೋಗಲಿ, ಕಾಕು ಹೇಳುತ್ತಾಳೆ, ನಾನು ತುಂಬುತ್ತೇನೆ. ಬರೀ ಅಂಕಿಗಳು ಬೇಸರ, ಹಾಡಿನಂತೆ ಕೊಟ್ಟರೆ ಇನ್ನೂ ಸಲೀಸು ಅಂತ ಅವಳೇ ಅಂದಳು. ಆಗ ನನಗೆ ಕಟಪಯಾದಿ ನೆನಪಾಯಿತು. ಹಿಂದಿನ ಜ್ಯೋತಿಷಿಗಳ ಯುಕ್ತಿ ಅದು. ಪ್ರತಿ ವ್ಯಂಜನಕ್ಕೂ ಒಂದು ಅಂಕಿ ಇರುತ್ತದೆ. ಕ ಅಂದರೆ ಒಂದು, ಗ ಅಂದರೆ ಮೂರು, ಮ ಅಂದರೆ ಐದು, ಲ ಅಂದರೆ ಮೂರು, ಪ, ಯ ಅಂದರೆ ಮತ್ತೆ ಒಂದು, ದ ಅಂದರೆ ಎಂಟು, ನ ಅಂದರೆ ಸೊನ್ನೆ, ಹೀಗೆ. ಸ್ವರಗಳಿಗೆ ಲೆಕ್ಕವಿಲ್ಲ. ಕಮಲ ಎಂದರೆ ನೂರಾ ಐವತ್ತಮೂರು, ಅಂದರೆ ನಮಗೆ ಒಂದು ಪಾಯಿಂಟ್ ಐದು ಮೂರು. ಅಂಕಿಗಳನ್ನು ಮರೆತು ಪದಗಳನ್ನು ಹಾಡಿದರಾಯಿತು. ನಾನು ಕೂತು ಪದ ಹೊಸೆದೆ. ಮೊದಲ ಸಾಲು "ಗಗನ ಕಮಲ ಗಾಯನ ಪವನ" ಎಂದು ಶುರುವಾಗುತ್ತಿತ್ತು. ಅರ್ಥ ಕೇಳಬೇಡಿ. ಅರ್ಥವಿಲ್ಲದಿದ್ದರೂ ಕಾಕು ಅದಕ್ಕೊಂದು ಭಜನೆಯ ಧಾಟಿ ಹಚ್ಚಿದ ಮೇಲೆ ಕೇಳಿದವರು ಕೈ ಮುಗಿಯುವಂತಾಯಿತು. ಪಕ್ಕದ ಮನೆಯವರು ಇದು ಯಾವ ದಾಸರ ಪದ ಎಂದು ವಿಚಾರಿಸಿದರು.

ಕಾಕಾನ ಕೆಂಪು ಪೆನ್ನು ಮಾತ್ರ ಸುಮ್ಮನಿರಲಿಲ್ಲ.

"ಕಟಪಯಾದಿಯೊಳಗ ಅಂಕಿ ಬಲದಿಂದ ಎಡಕ್ಕ ಓದಬೇಕು. ನೀ ಎಡದಿಂದ ಬಲಕ್ಕ ಓದ್ಲಿಕ್ಕತ್ತೀ. ಶಾಸ್ತ್ರ ಕೆಡಸಿದಿ" ಅಂದರು.

"ಈ ಮಷೀನು ಶಾಸ್ತ್ರ ಕಲ್ತಿಲ್ರೀ ಕಾಕಾ" ಅಂದೆ.

"ಕಲಿಸಬೇಕಿತ್ತು" ಎಂದು ಪೇಪರಿನೊಳಗೆ ಮುಖ ಹುದುಗಿಸಿದರು.

ಆದರೆ ಕೆಲಸ ನಡೆಯಿತು, ಜೋರಾಗಿ ನಡೆಯಿತು. ನಾನು ಬೇಕೆಂದೇ ಸೆಲ್ ತೆಗೆದು ಯಂತ್ರವನ್ನು ಖಾಲಿ ಮಾಡುತ್ತಿದ್ದೆ. ಕಾಕು ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಒತ್ತುತ್ತಿದ್ದೆ. ರೊಟ್ಟಿ ಉಬ್ಬುವುದರಲ್ಲಿ ಕಮಲ ಅರಳುತ್ತಿತ್ತು. ವೈರಿಗಾಗಿ ಹುಬ್ಬಳ್ಳಿ ಸುತ್ತಿದ ನನ್ನ ಪೆದ್ದುತನಕ್ಕೆ ನನಗೇ ನಗು ಬಂತು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಮಠದ ಅಂಗಳದಲ್ಲಿ ಕೂಡುವ ಹೆಂಗಸರ ಭಜನಾ ಮಂಡಳಿಗೆ ಕಾಕೂನೇ ಮುಂದಾಳು. ಪುಸ್ತಕ ನೋಡದೆ ಎಷ್ಟು ಪದ ಬೇಕಾದರೂ ಹಾಡುತ್ತಾಳೆ, ಉಳಿದವರು ಹಿಂದಿನಿಂದ ಹಾಡುತ್ತಾರೆ. ಅವಳಿಗೆ ಬಂಗಾರ, ಸೀರೆ ಯಾವುದರ ಆಸೆಯೂ ಇಲ್ಲ, ಈ ಒಂದು ಜಾಗ ಇದ್ದರೆ ಸಾಕು. ಆದರೆ ಈಚೆಗೆ ಮಂಡಳಿಯಲ್ಲಿ ಗುಸುಗುಸು ಎದ್ದಿತ್ತು. ಒಂದು ದಿನ ಪ್ರಸಾದದ ಹುಳಿಗೆ ಕಾಕು ಎರಡು ಸಲ ಉಪ್ಪು ಹಾಕಿದ್ದಳು. ಇನ್ನೊಂದು ದಿನ ಕನ್ನಡಕ ಮೂಗಿನ ಮೇಲಿಟ್ಟುಕೊಂಡೇ ಕನ್ನಡಕ ಹುಡುಕಿದ್ದಳು. ವಯಸ್ಸಾತು, ಮರೆವು ಶುರುವಾತು ಅಂತ ಮಾತು. ಅಷ್ಟರಲ್ಲಿ ಶಿಗ್ಗಾವಿಯ ಮಂಡಳಿಯವರು ಇವರನ್ನು ದಾಸರ ಪದ ಹಾಡಲು ಕರೆದರು. ಪರವೂರಿನಲ್ಲಿ, ಮೈಕಿನ ಮುಂದೆ, ಕಾಕು ಮುಂದೆ ನಿಂತು ಹಾಡಬೇಕೋ ಬೇಡವೋ ಎಂಬುದು ಎಲ್ಲರ ಮನಸ್ಸಿನಲ್ಲೂ ಇತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಕಾಕೂಗೆ ಗೊತ್ತಿತ್ತು. ಶಿಗ್ಗಾವಿಯ ಮಾತು ಬಂದಾಗೆಲ್ಲ ಅವಳು ಸೆರಗಿನ ತುದಿ ಹಿಡಿದು ತೀಡುತ್ತ ಕೂರುತ್ತಿದ್ದಳು.

ಈ ನಡುವೆ ನಾನು ಹಾನಗಲ್ಲಿಗೆ ಒಂದು ಸವಾರಿ ಹೊರಡಿಸಿದೆ. ಕಮಲದ ಕೆಳಗೆ ನಿಂತೇ ಕಮಲವನ್ನು ಅರಳಿಸಿ ತೋರಿಸಬೇಕು ಎಂಬುದು ನನ್ನ ಜಂಬ. ಹಿಂದಿನ ದಿನ ಫೋಟೋದಲ್ಲಿ ನಾನು ಬಿಟ್ಟಿದ್ದ ಒಂದು ಎಸಳು ಕಣ್ಣಿಗೆ ಬಿದ್ದಿತ್ತು. ಅದಕ್ಕೊಂದು ಹೊಸ ಸಾಲು ಹೊಸೆದು ಕಾಕೂಗೆ ಓದಿ ಹೇಳಿದೆ. ಅವಳು ಒಂದು ಗಳಿಗೆ ತಡೆದು, "ಹೂಂ, ಬಂತು" ಅಂದಳು. ಬಂತು ಅಂದರೆ ಬಂತು, ನಾನು ಒಪ್ಪಿಸಿಕೊಳ್ಳಲಿಲ್ಲ.

ಬಸವರಾಜ ತನ್ನ ಕಾರು ತಂದ. ಕಾಕಾ, ಕಾಕು, ನಾನು, ಜೊತೆಗೆ ಮಂಡಳಿಯ ಪದ್ಮಾಬಾಯಿ. ಕಾಕೂನ ನಂತರ ಮಂಡಳಿಯಲ್ಲಿ ಹಿರಿಯಳು ಅವಳೇ. ಮಂಟಪದಲ್ಲಿ ಗುಡಿ ನೋಡಲು ಬಂದವರು ಒಂದಷ್ಟು ಜನ ಇದ್ದರು. ನಾನು ಜಾದೂಗಾರನ ಹಾಗೆ ಸೆಲ್ ತೆಗೆದು, ಎಲ್ಲರಿಗೂ ತೋರಿಸಿ, ಮತ್ತೆ ಹಾಕಿದೆ. ಕಾಕು ಹಾಡಿದಳು. ಆ ಕಲ್ಲಿನ ಮಾಳಿಗೆಯ ಕೆಳಗೆ ಅವಳ ದನಿ ಎಷ್ಟು ತುಂಬಿ ಬಂತೆಂದರೆ ನನ್ನ ಮೈಮೇಲೆ ಕೂದಲು ಎದ್ದವು. ಕೈ ತಾನೇ ಒತ್ತುತ್ತಿತ್ತು, ತಲೆ ಬೇರೆಲ್ಲೋ ಇತ್ತು. ಕೊನೆಯ ಗುಂಡಿ ಒತ್ತಿ ಯಂತ್ರವನ್ನು ಎತ್ತಿ ಹಿಡಿದೆ.

ಎಸಳುಗಳು ಒಂದೊಂದೇ ಮೂಡಿದವು. ಮೂಡಿ, ಕೊನೆಯದೊಂದು ಎಸಳು ನಿಲ್ಲದೆ ಬೆಳೆದು ಪರದೆಯ ಆಚೆಗೆ ಹೊರಟುಹೋಯಿತು. ಕಮಲಕ್ಕೆ ಒಂದು ಕೊಂಬು ಬಂದಿತ್ತು.

ನೋಡುತ್ತಿದ್ದವರು ನಕ್ಕರು. ಬಸವರಾಜ ಪಾಪ, "ಇರ್ಲಿ ಬಿಡ್ರಿ, ಹೊಸಾ ತಳಿ ಐತಿ" ಎಂದು ಮಾತು ಹಾರಿಸಲು ನೋಡಿದ. ಪದ್ಮಾಬಾಯಿ ಕಾಕೂನ ಬೆನ್ನ ಮೇಲೆ ಕೈಯಿಟ್ಟು, "ಒಂದು ಕಡೆ ತಪ್ಪಿತೇನ್ರಿ? ಹೋಗ್ಲಿ ಬಿಡ್ರಿ, ವಯಸ್ಸಾದ ಮ್ಯಾಲ ಎಲ್ಲಾರದೂ ಹಿಂಗ" ಅಂದಳು. ಅವಳ ಮಾತಿನಲ್ಲಿ ಕೆಡುಕಿರಲಿಲ್ಲ, ಕನಿಕರವಿತ್ತು. ಕಾಕು ಏನೋ ಹೇಳಲು ಬಾಯಿ ತೆರೆದು, ಕಾಕಾನ ಕಡೆ ನೋಡಿ, ಸೆರಗಿನ ತುದಿ ತೀಡತೊಡಗಿದಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಬಂದಳು.

ವಾರದೊಳಗೆ ಮಂಡಳಿಯಲ್ಲಿ ತೀರ್ಮಾನವಾಯಿತು. ಶಿಗ್ಗಾವಿಯಲ್ಲಿ ಪದ್ಮಾಬಾಯಿ ಮುಂದೆ ಹಾಡುವುದು, ಕಾಕು ಬಳಿಯಲ್ಲಿ ಕೂತು ತಾಳ ಹಾಕುವುದು. ಕಾಕು ಒಪ್ಪಿಕೊಂಡಳಂತೆ. ರೊಟ್ಟಿ ಬಡಿಯುವಾಗ ಹಾಡುವುದನ್ನು ನಿಲ್ಲಿಸಿದಳು. ಮನೆಯಲ್ಲಿ ರೊಟ್ಟಿಯ ಸಪ್ಪಳ ಒಂದೇ ಕೇಳತೊಡಗಿತು. ನನ್ನ ಆಟಕ್ಕೆ ಅವಳ ಜಾಗ ಹೋಯಿತಲ್ಲ ಎಂಬ ಸಂಕಟ ನನಗೆ. ಕಾಕಾ ಕೂಡ ಯಾರನ್ನೂ ತಿದ್ದಲಿಲ್ಲ, ಪೇಪರ್ ಬಿಳಿಯಾಗಿಯೇ ಉಳಿಯಿತು.

ಒಂದು ಬೆಳಗ್ಗೆ ನಾನು ಯಂತ್ರವನ್ನೂ ಫೋಟೋವನ್ನೂ ಹರಡಿಕೊಂಡು, ತಪ್ಪಿದ್ದು ಎಲ್ಲಿ ಅಂತ ನೋಡುತ್ತಿದ್ದೆ. ಕೊಂಬಿನ ಅಂಕಿ ಐದು ಪಾಯಿಂಟ್ ಒಂದು ಎಂಟು. ಇರಬೇಕಾದ್ದು ಮೂರು ಪಾಯಿಂಟ್ ಒಂದು ಮೂರು. ಕಾಕು ಹಾಡಿದ್ದು ಏನೆಂದು ನೆನಪಿಸಿಕೊಂಡೆ. "ಮುಕುಂದ" ಎಂದು ಹಾಡಿದ್ದಳು. ಐದು, ಒಂದು, ಎಂಟು. ಹಾಗಾದರೆ ನಾನು ಕೊಟ್ಟ ಪದ ಯಾವುದು? ಮೂರು, ಒಂದು, ಮೂರು. ಗ, ಪ, ಲ. ಗೋಪಾಲ! ದೇವರ ಒಂದು ಹೆಸರಿನ ಬದಲು ದೇವರ ಇನ್ನೊಂದು ಹೆಸರು ಹೇಳಿದ್ದಾಳೆ. ಮರೆವೇ ಸರಿ ಅಂದುಕೊಂಡು ಯಂತ್ರವನ್ನು ಬದಿಗಿಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಕೊರಿಯರಿನವನು ಬಂದ. ಕಾಕು ಹೋಗಿ ನಿಂತಳು.

"ಅಜ್ಜೀ, ಯಜಮಾನರ ಹೆಸರು ಹೇಳ್ರಿ, ಪಾರ್ಸಲ್ ನಿಮ್ದ ಹೌದಿಲ್ಲೋ ನೋಡ್ತೇನಿ."

"ಅದರ ಮ್ಯಾಲ ಬರದಿರ್ತದಲ್ಲಪಾ."

"ಬರದೈತ್ರಿ, ಆದ್ರ ನೀವ ಹೇಳ್ಬೇಕು."

"ತಡಿ, ಒಳಗ ಹುಡುಗ ಇದ್ದಾನ, ಅವ ಹೇಳ್ತಾನ. ಶೀನ್ಯಾ! ಹೊರಗ ಬಾ, ಇವರ ಹೆಸರು ಹೇಳು!"

ನಲವತ್ತು ದಾಟಿದ ಹುಡುಗ ನಾನು ಎದ್ದು ಹೋಗಿ, "ಗೋಪಾಲರಾವ್" ಅಂದೆ. ಅಂದವನು ಅಲ್ಲಿಯೇ ನಿಂತುಬಿಟ್ಟೆ. ಕಾಕಾನ ಹೆಸರು ಗೋಪಾಲರಾವ್! ನಮ್ಮ ಮನೆಯಲ್ಲಿ ಅವರನ್ನು ಯಾರೂ ಹೆಸರಿನಿಂದ ಕರೆಯುವುದಿಲ್ಲ, ನನಗಂತೂ ಕಾಕಾ ಅಂದರೆ ಕಾಕಾ, ಅಷ್ಟೇ. ಗಂಡನ ಹೆಸರು ಬಾಯಿಂದ ತೆಗೆಯದ ಹೆಂಗಸಿನ ಬಾಯಿಗೆ ನಾನು ಗಂಡನ ಹೆಸರನ್ನೇ ತುರುಕಿದ್ದೆ. ಕೊರಿಯರಿನವನು ಹೋಗುವವರೆಗೆ ಹೇಗೋ ತಡೆದುಕೊಂಡೆ.

"ಕಾಕೂ! ನೀ ಮರ್ತಿರಲಿಲ್ಲ!"

"ನಾ ಯಾವಾಗ ಮರ್ತೇನಿ ಅಂದೆ?"

"ಬೇಕಂತ ಬದಲಿಸಿದೇನು?"

"ಮತ್ತೇನು? ಗುಡಿಯೊಳಗ, ಇವರ ಎದುರಿಗೆ, ಅಷ್ಟು ಮಂದಿಯೊಳಗ ಇವರ ಹೆಸರು ಹಿಡಿದು ಒದರಲೇನು? ಧಾಟಿ ಕೆಡಬಾರ್ದಂತ ಅಷ್ಟ ಅಳತೀದು ಇನ್ನೊಂದು ಹೆಸರು ಹಾಕಿದೆ."

"ಆದ್ರ ಅದು ದೇವರ ಹೆಸರು ಕಾಕೂ. ದೇವರ ಪದದಾಗ ದಿನಾ ಹಾಡ್ತೀ ಅಲ್ಲ?"

"ದೇವರ ಪದದಾಗ ಅದು ದೇವರು. ನಿನ್ನ ಲೆಕ್ಕದಾಗ ದೇವರೆಲ್ಲಿ ಇದ್ದಾನ? ಅಂದ ಮ್ಯಾಲ ಅದು ಇವರ ಹೆಸರೇ ಆತು."

ನಾನು ಲೆಕ್ಕ ಬಿಟ್ಟು ಮಂಡಳಿಯ ಮಾತಿಗೆ ಬಂದೆ.

"ಅವತ್ತ ಯಾಕ ಹೇಳ್ಲಿಲ್ಲ? ಪದ್ಮಾಬಾಯಿಗೆ ಹೇಳಬಹುದಿತ್ತಲ್ಲ, ಮಂಡಳಿಯೊಳಗ ಹೇಳಬಹುದಿತ್ತಲ್ಲ!"

ಕಾಕು ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು. "ಹೇಳೂದಂದ್ರ ಹೆಸರು ತಗೊಂಡ ಹೇಳ್ಬೇಕಲ್ಲೋ!"

ನಾನು ನಕ್ಕೆ, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಕಾಕು ನಗಲಿಲ್ಲ. ಆ ಪದ ಬೇಡ, "ಬಯಲು" ಎಂದು ಹಾಕೋಣ, ಅದೂ ಮೂರು ಒಂದು ಮೂರೇ ಆಗುತ್ತದೆ ಅಂದೆ.

"ಬಯಲು ನಿನ್ನ ಕಮಲಕ್ಕ ಸಾಕಾದೀತು. ನನಗ ಸಾಲೂದಿಲ್ಲ. ಮಂದಿಯೊಳಗ ನನಗ ಮರೆವು ಬಂತಂದ್ರು, ಮಂದಿಯೊಳಗೇ ಅದನ್ನ ಇಳಸಬೇಕು" ಅಂದಳು. ಎದ್ದು ಹೋಗಿ ಹಿಟ್ಟು ನಾದಲು ಕೂತಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಗಗನ ಕಮಲ ಗಾಯನ ಪವನ ಕೇಳಿಬಂತು.

ಮುಂದಿನ ಗುರುವಾರ ಮಂಡಳಿ ಕೂಡಿದಾಗ ಕಾಕು ನನ್ನನ್ನೂ ಯಂತ್ರವನ್ನೂ ಕರೆದುಕೊಂಡು ಹೋದಳು. ಎಂದೂ ಆ ಕಡೆ ಸುಳಿಯದ ಕಾಕಾನಿಗೆ, "ಇವರಿಗೂ ಬರಲಿಕ್ಕೆ ಹೇಳು" ಎಂದು ನನ್ನ ಹೆಂಡತಿಯ ಮೂಲಕ ಕರೆ ಹೋಯಿತು. ಅವರು ಬಂದು ಮಠದ ಕಟ್ಟೆಯ ತುದಿಯಲ್ಲಿ, ಹೆಂಗಸರಿಗೆ ಅರ್ಧ ಬೆನ್ನು ಮಾಡಿ ಕೂತರು. ನಾನು ಎಲ್ಲರೆದುರು ಸೆಲ್ ತೆಗೆದೆ. ಈ ಸಲ ಜಾದೂಗಾರನ ಠೀವಿ ಇರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಮ್ಮೆ ಮುಖಭಂಗ ಯಾಕೆ ಮಾಡಿಕೊಳ್ಳುತ್ತಾಳೋ ಎಂಬ ಕನಿಕರ ಎಲ್ಲರ ಕಣ್ಣಲ್ಲಿ.

ಕಾಕು ಹಾಡತೊಡಗಿದಳು. ಒಂದೊಂದು ಪದವನ್ನೂ ಬಿಡಿಬಿಡಿಯಾಗಿ, ಅವಸರವಿಲ್ಲದೆ. ನಾನು ಈ ಸಲ ತಲೆಯನ್ನೂ ಕೈಯನ್ನೂ ಒಂದೇ ಕಡೆ ಇಟ್ಟುಕೊಂಡು ಒತ್ತಿದೆ. ಕೊನೆಯ ಸಾಲು ಬಂತು. ಆ ಪದದ ಹತ್ತಿರ ಬಂದವಳೇ ಕಾಕು ನಿಂತುಬಿಟ್ಟಳು.

ತಾಳವೂ ನಿಂತಿತು. ಪದ್ಮಾಬಾಯಿ ಮುಂದೆ ಬಾಗಿ, "ಇರ್ಲಿ ಬಿಡ್ರಿ, ನೆನಪಾಗದಿದ್ರ ಬಿಟ್ಟುಬಿಡ್ರಿ" ಎಂದು ಮೆಲ್ಲಗೆ ಹೇಳಿದಳು. ಕಾಕು ಅಂಗೈ ಎತ್ತಿ ಅವಳನ್ನು ತಡೆದಳು. ಸೆರಗನ್ನು ಭುಜದ ತುಂಬ ಹೊದ್ದುಕೊಂಡು, ನೆಟ್ಟಗೆ ಕೂತು, ಮದುವೆಯ ಚಪ್ಪರದಲ್ಲಿ ಹೇಳುವ ದನಿಯಲ್ಲಿ ಹೇಳಿದಳು:

"ಹಾನಗಲ್ಲ ಗುಡಿಯಾಗ ಅರಳೇದ ಕಲ್ಲಿನ ಕಮಲ,
ಮರತಾಳಂದವ್ರು ಕೇಳ್ರಿ, ನಮ್ಮ ಯಜಮಾನರ ಹೆಸರು ಗೋಪಾಲ!"

ಒಡಪು! ನಮ್ಮ ಕಡೆ ಗಂಡನ ಹೆಸರು ಹೇಳಲು ಹೆಂಗಸರಿಗೆ ಇರುವುದು ಇದೊಂದೇ ದಾರಿ. ಮದುವೆ ಮುಂಜಿಯಲ್ಲಿ ಎಲ್ಲರೂ ಅಡ್ಡಗಟ್ಟಿ ಹೆಸರು ಕೇಳಿದಾಗ ಹೀಗೆ ಪ್ರಾಸ ಕಟ್ಟಿ ಅದರೊಳಗೆ ಹೆಸರು ಕೂರಿಸಿ ಹೇಳಬೇಕು. ಹಾಗೆ ಹೇಳಿದರೆ ತಪ್ಪಿಲ್ಲ. ಪದ್ಮಾಬಾಯಿಯೇ ಮೊದಲು ಹಣೆ ಬಡಿದುಕೊಂಡಳು. "ಅಯ್ಯ ನಮ್ಮವ್ವಾ! ಹೆಸರು ಬಂತಂತ ಬದಲಿಸಿದ್ರೇನ್ರಿ ಅವತ್ತು? ಮರೆವಲ್ಲ, ನಾಚಿಕಿ!" ಅಂಗಳದ ತುಂಬ ನಗು, ಚಪ್ಪಾಳೆ. ಅದೇ ಮಾತನ್ನು ಅವರವರ ಗಂಡಂದಿರ ಹೆಸರಿಗೆ ಹಚ್ಚಿ ಅವರವರು ಹೇಳಿಕೊಂಡು ನಕ್ಕರು. ಕಾಕೂನ ಜಾಗದಲ್ಲಿ ಅವರಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ನಾನು ಮೂರು, ಒಂದು, ಮೂರು ಒತ್ತಿದೆ. ಕಮಲ ಅರಳಿತು. ಕೊನೆಯ ಎಸಳು ತನ್ನ ಜಾಗದಲ್ಲಿ ಬಂದು ನಿಂತಿತು, ಕೊಂಬಿಲ್ಲ, ಕೊರತೆಯಿಲ್ಲ. ಯಂತ್ರ ಕೈಯಿಂದ ಕೈಗೆ ಹೋಯಿತು. ಯಾರೋ ಅದಕ್ಕೆ ಕುಂಕುಮ ಹಚ್ಚಲು ಹೊರಟರು, ನಾನು ಓಡಿಹೋಗಿ ಬಿಡಿಸಿಕೊಂಡೆ. ಪದ್ಮಾಬಾಯಿ ತಾಳವನ್ನು ತನ್ನ ಕಡೆಗೆ ಎಳೆದುಕೊಂಡು, "ಶಿಗ್ಗಾವ್ಯಾಗ ಇದು ನನ್ನ ಕೆಲಸ, ಮುಂದ ನೀವು ಹಾಡ್ರಿ" ಅಂದಳು. ಕಾಕು ಹೂಂ ಅಂದಳು, ಅಷ್ಟೇ. ಆದರೆ ಆ ಹೂಂ ಎಷ್ಟು ಉದ್ದ ಇತ್ತೆಂದರೆ ಅದನ್ನೂ ಯಾವುದಾದರೂ ರಾಗದಲ್ಲಿ ಹಾಕಬಹುದಿತ್ತು.

ಆಗ ಕಟ್ಟೆಯ ಕಡೆಯಿಂದ ಕಾಕಾನ ದನಿ ಬಂತು.

"ಶೀನ್ಯಾ, ನನಗ ಸರಿಯಾಗಿ ಕೇಳಸಲಿಲ್ಲ. ಇನ್ನೊಮ್ಮೆ ಹೇಳಲಿಕ್ಕೆ ಹೇಳು."

ಹಿತ್ತಲಲ್ಲಿ ಕೂತು ಪಡಸಾಲೆಯ ಅಪಸ್ವರ ಹಿಡಿಯುವ ಕಿವಿ ಅವು. ಹೆಂಗಸರೆಲ್ಲ ಓ ಎಂದು ಕೂಗಿದರು, ಹೇಳ್ರಿ, ಹೇಳ್ರಿ ಎಂದು ಕಾಕೂನನ್ನು ಅಲುಗಾಡಿಸಿದರು. ಕಾಕೂನ ಮುಖ ಕೆಂಪಾಯಿತು. ಹೇಳಿದ್ದನ್ನೇ ಅವಳು ಮತ್ತೆ ಹೇಳಲಿಲ್ಲ. ನೆಲ ನೋಡುತ್ತ, ಮೆಲ್ಲಗೆ, ನಾವ್ಯಾರೂ ಎಂದೂ ಕೇಳಿರದ ಇನ್ನೊಂದನ್ನು ಹೇಳಿದಳು:

"ಸವಣೂರ ಎಲಿಗಿ ಸುಣ್ಣ ಹಚ್ಚಿದರ ಬಾಯಿ ಕೆಂಪ,
ಗೋಪಾಲರಾಯರ ಮನಿ ಹೊಕ್ಕರ ಮನಸಿಗಿ ತಂಪ."

ಕಾಕಾ ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. ಒರೆಸಿ, ಮತ್ತೆ ಹಾಕಿಕೊಂಡು, ಇಡೀ ಮಂಡಳಿಗೆ ಮುಖ ಮಾಡಿ ತಿರುಗಿ ಕೂತರು.

"ಅದು ನಮ್ಮ ಮದುವಿ ದಿನ ಹೇಳಿದ್ದು" ಅಂದರು. "ಒಂದಕ್ಷರಾನೂ ತಪ್ಪಿಲ್ಲ."